ಕೀಲಿ ಎಂದು ಟೈಪಿಸಿದರೆ ಸಾಕ್ಷಿ ಸಿಗಬೇಕು: ಗಂಗಾವತಿಯಲ್ಲಿ ಒಂದು ಪತ್ತೇದಾರಿ ವಿಡಿಯೊ ಆಟ ಕಟ್ಟುತ್ತಿರುವ ಕೆಲಸದ ದಾಖಲೆ

ಗಂಗಾವತಿಯಲ್ಲಿ ಮದುವೆ ವಿಡಿಯೊ ತೆಗೆಯುವ ನಾನು, ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ಮತ್ತು ನಾಟಕದ ಹುಚ್ಚಿರುವ ಒಬ್ಬ ಮೇಷ್ಟ್ರು ಸೇರಿ ಒಂದು ಪತ್ತೇದಾರಿ ಆಟವನ್ನು ಕಟ್ಟುತ್ತಿದ್ದೇವೆ. ಆಟ ತೆರೆದರೆ ಠಾಣೆಯ ಹಳೆಯ ಕಂಪ್ಯೂಟರಿನ ಪರದೆ ಕಾಣುತ್ತದೆ. ಅದರಲ್ಲಿರುವ ಹುಡುಕು ಪೆಟ್ಟಿಗೆಯಲ್ಲಿ ಆಟಗಾರ ಒಂದು ಪದವನ್ನು ಟೈಪಿಸಿದರೆ, ಆ ಪದದ ಸುದ್ದಿ ಬಂದಿರುವ ಹೇಳಿಕೆಗಳ ವಿಡಿಯೊ ತುಣುಕುಗಳು ಬರುತ್ತವೆ. ಅವುಗಳನ್ನು ನೋಡಿ, ಯಾರು ಎಲ್ಲಿ ಸುಳ್ಳು ಹೇಳಿದರೆಂದು ಹಿಡಿದು, ಕೊನೆಗೆ ಆತನೇ ದೋಷಾರೋಪ ಪಟ್ಟಿಯನ್ನು ತುಂಬಬೇಕು. ಚಿತ್ರೀಕರಣಕ್ಕೂ ಸಂಕಲನಕ್ಕೂ ನಾವು ಪಟ್ಟ ಶ್ರಮಕ್ಕಿಂತ ಆ ಒಂದು ಸಾಲಿನ ಹುಡುಕು ಪೆಟ್ಟಿಗೆ ಕನ್ನಡದಲ್ಲಿ ಸರಿಯಾಗಿ ಕೆಲಸ ಮಾಡುವಂತೆ ಮಾಡಲು ಪಟ್ಟ ಶ್ರಮವೇ ಹೆಚ್ಚು. ಆದ್ದರಿಂದ ಇಲ್ಲಿಯೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಮಾದರಿಯ ಆಯ್ಕೆ

ಅಪರಾಧ ಧಾರಾವಾಹಿಯೊಳಗೆ ನಾವೇ ಇಳಿದಂತೆ ಅನಿಸುವ ಆಟಗಳಲ್ಲಿ ನಾವು ಮೂವರೂ ಆಡಿದ್ದು 'ಎಲ್.ಎ. ನ್ವಾರ್'. 1947ರ ಲಾಸ್ ಏಂಜಲೀಸಿನ ಪೊಲೀಸನ ಕಥೆಯಿರುವ, 2011ರಲ್ಲಿ ಬಂದ ಈ ಆಟದಲ್ಲಿ ನಟರ ಮುಖಭಾವವನ್ನು 32 ಕ್ಯಾಮೆರಾಗಳಿಂದ ಹಿಡಿದಿದ್ದಾರೆ. ಸಾಕ್ಷಿಯ ಮುಖ ನೋಡಿ ನಿಜ, ಅನುಮಾನ, ಸುಳ್ಳು ಎಂಬ ಮೂರರಲ್ಲಿ ಒಂದನ್ನು ಆಟಗಾರ ಒತ್ತಬೇಕು. ಮೇಷ್ಟ್ರಿಗೆ ಇದೇ ಬೇಕಾಗಿತ್ತು. ಆದರೆ 32 ಕ್ಯಾಮೆರಾಗಳ ಮಾತು ಬಿಡಿ, ನನ್ನಲ್ಲಿದ್ದದ್ದು ಎರಡು. ಅದರಲ್ಲಿ ಒಂದು ಮದುವೆಯ ಹಂಗಾಮಿನಲ್ಲಿ ಕೈಗೆ ಸಿಗುವುದಿಲ್ಲ.

ನಮ್ಮ ಕೈಗೆಟುಕುವಂತಿದ್ದದ್ದು ಸ್ಯಾಮ್ ಬಾರ್ಲೋ ಅವರು 2015ರಲ್ಲಿ ಹೊರತಂದ 'ಹರ್ ಸ್ಟೋರಿ'. ಒಬ್ಬಳೇ ನಟಿ, 1994ರಲ್ಲಿ ನಡೆದವೆಂದು ಹೇಳಲಾಗುವ ಏಳು ಪೊಲೀಸ್ ವಿಚಾರಣೆಗಳು, ಅವುಗಳ ಕತ್ತರಿಸಿದ ತುಣುಕುಗಳು, ಒಂದು ಹುಡುಕು ಪೆಟ್ಟಿಗೆ. ಒಂದು ಪದಕ್ಕೆ ಎಷ್ಟೇ ತುಣುಕುಗಳು ಹೊಂದಿದರೂ ಮೊದಲ ಐದನ್ನು ಮಾತ್ರ ತೋರಿಸುವುದು ಅದರ ಜಾಣತನ. ಉಳಿದವು ಬೇಕಾದರೆ ಇನ್ನೂ ಖಚಿತವಾದ ಪದವನ್ನು ಆಟಗಾರನೇ ಹುಡುಕಿಕೊಳ್ಳಬೇಕು. ಈ ಐದರ ಕಟ್ಟಳೆಯನ್ನು ನಾವು ಹಾಗೆಯೇ ಇಟ್ಟುಕೊಂಡೆವು. ಲ್ಯೂಕಸ್ ಪೋಪ್ ಅವರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018) ಆಟದಲ್ಲಿ ಹಡಗಿನಲ್ಲಿದ್ದ 60 ಮಂದಿಗೆ ಏನಾಯಿತೆಂದು ಬರೆಯುವಾಗ ಮೂರು ಉತ್ತರಗಳು ಒಟ್ಟಿಗೆ ಸರಿಯಾದರೆ ಮಾತ್ರ ಅವು ಖಚಿತವಾಗುತ್ತವೆ. ಊಹೆ ಮಾಡಿ ಗೆಲ್ಲುವವರನ್ನು ತಡೆಯುವ ಆ ಉಪಾಯವನ್ನು ಕೊನೆಯ ಹಂತಕ್ಕೆಂದು ಎರವಲು ಪಡೆದೆವು.

ಚೌಕಟ್ಟಿಗೆ ಮೊದಲು ಬಳಸಿದ್ದು ಚಿತ್ರ ಮತ್ತು ಸಂಭಾಷಣೆ ಜೋಡಿಸಿ ಆಟ ಮಾಡುವ ಒಂದು ಉಚಿತ ಸಾಧನದ ಹಳೆಯ ಆವೃತ್ತಿ. ಅದರಲ್ಲಿ ಒತ್ತಕ್ಷರಗಳು ಒಡೆದು ಬರುತ್ತಿದ್ದವು. 'ಸಾಕ್ಷ್ಯ' ಎಂದು ಬರೆದರೆ ಅರ್ಕಾವತ್ತಿನಂತಹ ಕೊಂಬುಗಳ ಸಾಲೇ ಕಾಣುತ್ತಿತ್ತು. ಅಕ್ಷರ ಜೋಡಣೆಯ ಕೆಲಸವನ್ನು ಬ್ರೌಸರ್ ತಾನೇ ಸರಿಯಾಗಿ ಮಾಡುತ್ತದೆಂಬ ಒಂದೇ ಕಾರಣಕ್ಕೆ, ಕ್ರಿಸ್ ಕ್ಲಿಮಾಸ್ ಅವರು 2009ರಲ್ಲಿ ಆರಂಭಿಸಿದ, ಕೆಲಸ ಮುಗಿದಾಗ ವೆಬ್ ಪುಟವನ್ನೇ ಕೊಡುವ 'ಟ್ವೈನ್' ಸಾಧನಕ್ಕೆ ಬದಲಾದೆವು. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಹಂತ 2: ಪ್ರಕರಣ

ಕಥೆ ನಮ್ಮ ಸುತ್ತಲಿನದೇ. ಒಂದು ಭತ್ತದ ದಲಾಲಿ ಅಂಗಡಿಯ ಗುಮಾಸ್ತ ಬೇಸಿಗೆಯ ಒಂದು ಮುಂಜಾನೆ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯಲ್ಲಿ ಹೆಣವಾಗಿ ಸಿಗುತ್ತಾನೆ. ಅಂಗಡಿಯ ಕೋಣೆಗೆ ಕೀಲಿ ಹಾಕಿದೆ, ಲೆಕ್ಕದ ಪುಸ್ತಕ ಕಾಣೆಯಾಗಿದೆ. ಹೇಳಿಕೆ ಕೊಡುವವರು ಆರು ಮಂದಿ: ಸಾವುಕಾರ, ಅಕ್ಕಿ ಗಿರಣಿಯ ಮಾಲೀಕ, ಲಾರಿ ಚಾಲಕ, ಒಬ್ಬ ಹಮಾಲ, ಚಹಾ ಅಂಗಡಿಯವಳು ಮತ್ತು ತೂಕದ ಕಾಟಾ ನೋಡಿಕೊಳ್ಳುವ ಹುಡುಗ. ಪಾತ್ರಗಳಿಗೆ ಹೆಸರಿಟ್ಟರೆ ಊರಿನಲ್ಲಿ ಯಾರದಾದರೂ ಹೆಸರಿಗೆ ತಾಕುತ್ತದೆಂದು ಎಲ್ಲರನ್ನೂ ಕಸುಬಿನಿಂದಲೇ ಕರೆದೆವು.

ಸುಳಿವಿನ ಗಟ್ಟಿತನ ಲೆಕ್ಕದಲ್ಲಿರಬೇಕೆಂಬುದು ನನ್ನ ಹಟವಾಗಿತ್ತು. ನಮ್ಮಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಸರ್ಕಾರಕ್ಕೆ ಅಕ್ಕಿ ಮಾಡಿಸಿ ಒಪ್ಪಿಸುವ ಲೆಕ್ಕದಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ. ಅಂದರೆ ಒಂದು ಚೀಲ ಭತ್ತಕ್ಕೆ ಸುಮಾರು 50 ಕಿಲೋದ ಒಂದು ಚೀಲ ಅಕ್ಕಿ ಎಂದು ಇಲ್ಲಿನವರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಆಟದಲ್ಲಿ ಲಾರಿಯ ತೂಕದ ಚೀಟಿ 240 ಚೀಲ, ಅಂದರೆ 18 ಟನ್ ಭತ್ತವನ್ನು ತೋರಿಸುತ್ತದೆ. ಅದಕ್ಕೆ 12,060 ಕಿಲೋ, ಎಂದರೆ 241 ಚೀಲ ಅಕ್ಕಿ ಬರಬೇಕು. ಗಿರಣಿಯ ಮಾಲೀಕನ ಹೇಳಿಕೆಯಲ್ಲಿ ಬರುವುದು 198. ಉಳಿದ 43 ಚೀಲಗಳು ಎಲ್ಲಿ ಹೋದವೆಂಬುದೇ ಕೊಲೆಯ ಕಾರಣ.

ಎರಡನೆಯ ಸುಳಿವು ನೀರಿನದು. ಗುಮಾಸ್ತ ಕಾಲು ಜಾರಿ ಕಾಲುವೆಗೆ ಬಿದ್ದು ಮುಳುಗಿ ಸತ್ತನೆಂದು ಸಾವುಕಾರ ಹೇಳುತ್ತಾನೆ. ಎರಡನೇ ಬೆಳೆ ಮುಗಿದು ನೀರು ನಿಲ್ಲಿಸಿದ ಮೇಲೆ ಉಪಕಾಲುವೆಯಲ್ಲಿ ಮುಳುಗಿ ಸಾಯುವಷ್ಟು ನೀರು ಎಲ್ಲಿಂದ ಬರಬೇಕು? ಸಿಂಧನೂರು, ಮಾನ್ವಿ, ಕಾರಟಗಿಯ ಕಡೆಯವರು ಈ ಸುಳ್ಳನ್ನು ಕೇಳಿದ ಕೂಡಲೇ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಆಡಿ ನೋಡಿದ ಗೆಳೆಯನಿಗೆ ಇದೂ ಹೊಳೆಯಲಿಲ್ಲ, ಅಕ್ಕಿಯ ಲೆಕ್ಕವೂ ಹೊಳೆಯಲಿಲ್ಲ. ಅವನಿಗಾಗಿ ಹಮಾಲನ ಬಾಯಿಂದ ಒಂದು ವಾಕ್ಯವನ್ನೂ ಚಹಾ ಅಂಗಡಿಯವಳ ಬಾಯಿಂದ ಒಂದು ವಾಕ್ಯವನ್ನೂ ಸೇರಿಸಿದೆವು. ಸುಳಿವು ಆಟದ ಒಳಗೇ ಇರಬೇಕು. ಆಟಗಾರನ ಊರಿನಲ್ಲಿ ಇದ್ದರೆ ಸಾಲದು.

ಹಂತ 3: ಠಾಣೆಯ ಕಾಗದಪತ್ರ

ಕಥೆಯ ಮೊದಲ ಕರಡಿನಲ್ಲಿ ಸಾಕ್ಷಿಗಳ ಲಿಖಿತ ಹೇಳಿಕೆಗಳ ಕೆಳಗೆ ಅವರ ಸಹಿ ಇತ್ತು. ಕೊನೆಯಲ್ಲಿ ಆರೋಪಿ ತಪ್ಪೊಪ್ಪಿಕೊಂಡು ಅಳುತ್ತಿದ್ದ. ನಮ್ಮ ಓಣಿಯಲ್ಲಿರುವ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಕಾಕಾ ಅವರಿಗೆ ಕಾಗದಗಳನ್ನು ತೋರಿಸಿದಾಗ ಅವರು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: "ತಮ್ಮಾ, ಹೇಳಿಕಿ ಮ್ಯಾಲ ಸಹಿ ಯಾಕ ಮಾಡ್ಸೀ?"

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನಡಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಅದನ್ನು 181ನೇ ಕಲಮು ಹೇಳುತ್ತದೆ. ಹಳೆಯ ಸಂಹಿತೆಯಲ್ಲಿ ಇವು 161 ಮತ್ತು 162 ಆಗಿದ್ದವು. ಕಾಕಾ ಅವರ ಬಾಯಲ್ಲಿ ಈಗಲೂ ಹಳೆಯ ಅಂಕಿಗಳೇ ಬರುತ್ತವೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನು ತಡೆಯುತ್ತದೆ. ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಸಿಕ್ಕರೆ, ಆ ಸಿಕ್ಕಿದ್ದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ನಡೆಯುತ್ತದೆ.

ಹೊರದೇಶದ ಪತ್ತೇದಾರಿ ಆಟಗಳಲ್ಲಿ ಹಲವು ತಪ್ಪೊಪ್ಪಿಗೆಯ ಕಡೆಗೇ ಓಡುತ್ತವೆ. ನಮ್ಮ ಆಟದಲ್ಲಿ ಅಳುವ ದೃಶ್ಯವನ್ನು ಕಿತ್ತುಹಾಕಿದೆವು. ಗೆಲುವನ್ನು ವಸ್ತು ಸಿಗುವುದಕ್ಕೆ ಕಟ್ಟಿದೆವು: ಲೆಕ್ಕದ ಪುಸ್ತಕ ಎಲ್ಲಿದೆ ಎಂದು ಆಟಗಾರ ಸರಿಯಾಗಿ ಗುರುತಿಸಿದರೆ, ಇಬ್ಬರು ಪಂಚರ ಮುಂದೆ ಮಹಜರು ನಡೆಯುವ ತುಣುಕು ತೆರೆಯುತ್ತದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಹೊಸ ಸಂಹಿತೆಯ 105ನೇ ಕಲಮು ಹೇಳುವುದರಿಂದ, ಮೊಬೈಲಿನಲ್ಲಿ ತೆಗೆದಂತಿರುವ ಅಲುಗಾಡುವ ಮಹಜರು ದೃಶ್ಯಕ್ಕೆ ಕಾರಣವನ್ನೂ ನಾವು ಹುಡುಕಬೇಕಾಗಲಿಲ್ಲ. 180ನೇ ಕಲಮಿನ ಹೇಳಿಕೆಯನ್ನೂ ವಿಡಿಯೊದಲ್ಲಿ ದಾಖಲಿಸಬಹುದು. ಹಾಗಾಗಿ ಆಟದ ಇಡೀ ಕಲ್ಪನೆಯೇ ಕಾನೂನಿನೊಳಗೆ ಕೂತಿತು. ಅಸಹಜ ಸಾವಿನ ವರದಿಗೆ 194ನೇ ಕಲಮು ಎಂದು ತಲೆಬರಹ ಹಾಕಿ, ಠಾಣೆಯಲ್ಲಿ ಎಲ್ಲರೂ ಹೇಳುವಂತೆ 'ಯು.ಡಿ.ಆರ್.' ಎಂದು ಕಡತದ ಮೇಲೆ ಬರೆದೆವು. ಛಾಪಾ ಪ್ರತಿಗಳಿಗೆ ₹260 ಆಯಿತು.

ಹಂತ 4: ಕೋಣೆ, ಬೆಳಕು, ಧ್ವನಿ

ವಿಚಾರಣಾ ಕೋಣೆಯಾಗಿ ನಾವು ಬಳಸಿದ್ದು ಪರಿಚಯದವರ ದಲಾಲಿ ಅಂಗಡಿಯ ಹಿಂದಿನ ಗೋದಾಮಿನ ಕೋಣೆ, 10 ಅಡಿ ಅಗಲ, 14 ಅಡಿ ಉದ್ದ. ಬರಿಗೋಡೆಗಳಾದ್ದರಿಂದ ಮಾತಾಡಿದರೆ ಬಾವಿಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ಮೊದಲು ಗೋಣಿಚೀಲಗಳನ್ನು ಮೊಳೆ ಹೊಡೆದು ತೂಗುಹಾಕಿದೆವು; ಪ್ರತಿಧ್ವನಿ ಸ್ವಲ್ಪ ತಗ್ಗಿತು, ಆದರೆ ಧೂಳಿಗೆ ನಟರು ಕೆಮ್ಮತೊಡಗಿದರು. ಕೆಲಸಕ್ಕೆ ಬಂದದ್ದು ಮನೆಯ ಕೌದಿಗಳು. ಕ್ಯಾಮೆರಾದ ಹಿಂದಿನ ಗೋಡೆಗೆ ಮೂರು, ಎರಡೂ ಪಕ್ಕಕ್ಕೆ ಒಂದೊಂದು, ಮೇಜಿನ ಕೆಳಗೆ ನೆಲಕ್ಕೆ ಒಂದು. ಗೋಡೆಗೆ ಒತ್ತಿ ಹೊಡೆಯದೆ, ಹಗ್ಗ ಕಟ್ಟಿ ಗೋಡೆಯಿಂದ ನಾಲ್ಕು ಬೆರಳು ದೂರ ಬಿಟ್ಟು ಇಳಿಬಿಟ್ಟಾಗ ಧ್ವನಿ ಇನ್ನೂ ಒಣಗಿತು. ಚೌಕಟ್ಟಿನಲ್ಲಿ ಕಾಣುವ ಕಡೆ ಮಾತ್ರ 8 ಮೀಟರ್ ಕಪ್ಪು ಬಟ್ಟೆ, ₹720.

ಫ್ಯಾನು ಹಾಕಿದರೆ ಮೈಕಿನಲ್ಲಿ ಗುಂಯ್ ಎನ್ನುತ್ತದೆ, ಹಾಕದಿದ್ದರೆ ನಟರ ಬೆವರು ನಿಲ್ಲುವುದಿಲ್ಲ. ಫ್ಯಾನು ನಿಲ್ಲಿಸಿಯೇ ತೆಗೆದೆವು. ಬೆವರು ಆರೋಪಿಗಳಿಗೆ ಚೆನ್ನಾಗಿಯೇ ಒಪ್ಪಿತು.

ಠಾಣೆಯ ನೋಟಕ್ಕಾಗಿ ಹಳೆಯ ಟ್ಯೂಬ್‌ಲೈಟನ್ನು ಚೌಕಟ್ಟಿನೊಳಗೇ ಉರಿಸಿಟ್ಟಿದ್ದೆವು. ಮೊದಲ ಚಿತ್ರೀಕರಣವನ್ನು ಕ್ಯಾಮೆರಾ ಇದ್ದಂತೆ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡಿನ ಶಟರ್‌ನಲ್ಲಿ ತೆಗೆದು, ರಾತ್ರಿ ದೊಡ್ಡ ಪರದೆಯಲ್ಲಿ ನೋಡಿದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಜ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/60 ಶಟರ್ ಅದಕ್ಕೆ ತಾಳ ಕೂಡಿಸುವುದಿಲ್ಲ. ಮದುವೆ ಮಂಟಪದ ದೀಪಗಳ ಕೆಳಗೆ ವರ್ಷಗಟ್ಟಲೆ ತೆಗೆದವನಿಗೆ ಇದು ಹೊಸ ಪಾಠವೇನಲ್ಲ. ಆವತ್ತು ಕ್ಯಾಮೆರಾ ಹಿಡಿದವನು ಅಣ್ಣನ ಮಗ. 25 ಫ್ರೇಮ್, 1/50 ಶಟರಿಗೆ ಬದಲಿಸಿ ಆ ದಿನದ ಎಲ್ಲವನ್ನೂ ಮತ್ತೆ ತೆಗೆದೆವು. ನಟನಿಗೆ 5 ಅಡಿ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಒಂದೇ ಎಲ್‌ಇಡಿ ದೀಪ. ಅದರ ಬಾಡಿಗೆ ಒಟ್ಟು ₹1,200.

ಅಂಗಿಗೆ ಸಿಕ್ಕಿಸುವ ಎರಡು ಮೈಕುಗಳಿಗೆ ₹1,900 ಕೊಟ್ಟೆವು. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಧ್ವನಿಯ ಏರು ಮೈನಸ್ 12 ಡೆಸಿಬಲ್ ದಾಟದಂತೆ ಇಟ್ಟೆವು. ಮೆಮೊರಿ ಕಾರ್ಡಿಗೆ ₹1,050, ಮೇಜಿನ ದುರಸ್ತಿಗೆ ₹400, ನಟರ ಪ್ರಯಾಣ ಮತ್ತು ಊಟಕ್ಕೆ ₹4,600. ಇಲ್ಲಿಯವರೆಗಿನ ಒಟ್ಟು ಖರ್ಚು ₹10,130. ಕೌದಿಗಳನ್ನು ತೊಳೆದು ಮರಳಿಸಿದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಂತ 5: ನಟರು

ನಮ್ಮ ಭಾಗದಲ್ಲಿ ನಟರಿಗೆ ಬರವಿಲ್ಲ. ಬಯಲಾಟ, ಸಾಮಾಜಿಕ ನಾಟಕ ಎಂದು ಜಾತ್ರೆಗೊಂದು ರಂಗ ಕಟ್ಟುವ ಊರುಗಳಿವು. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವರ ಹೆಸರನ್ನು ಈಗಲೂ ಹಳಬರು ಗೌರವದಿಂದ ತೆಗೆಯುತ್ತಾರೆ. ಕೊರತೆ ಬೇರೆ ತರಹದ್ದು. ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗೂ ಕೇಳುವಂತೆ ಮಾತಾಡಿ ಅಭ್ಯಾಸವಾದವರು, ಮೂರು ಅಡಿ ದೂರದ ಕ್ಯಾಮೆರಾದ ಮುಂದೆ ಸುಳ್ಳು ಹೇಳಬೇಕಾದಾಗ ಹುಬ್ಬು ಹಾರಿಸುತ್ತಾರೆ, ಕಣ್ಣು ಹೊರಳಿಸುತ್ತಾರೆ. ಸಾವುಕಾರನ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಅಪರಾಧಿಯೆಂದು ಗೊತ್ತಾಗುತ್ತಿತ್ತು.

ಮೇಷ್ಟ್ರ ಆಸೆಯ ನಿಜ, ಅನುಮಾನ, ಸುಳ್ಳು ಗುಂಡಿಗಳನ್ನು ಒಂದು ತುಣುಕಿಗೆ ಮಾಡಿ ನೋಡಿದ್ದೆವು, ಇದರಿಂದಾಗಿಯೇ ಕೈಬಿಟ್ಟೆವು. ಅಂದಹಾಗೆ 'ಎಲ್.ಎ. ನ್ವಾರ್' ತಯಾರಕರೂ 2017ರ ಮರುಬಿಡುಗಡೆಯಲ್ಲಿ ಆ ಮೂರು ಗುಂಡಿಗಳ ಹೆಸರನ್ನು ಬದಲಿಸಿದರು.

ಹೊಳೆದ ಉಪಾಯ ಸರಳ. ಬರೆದ ಸಂಭಾಷಣೆಯನ್ನು ನಟರಿಗೆ ಕೊಡುವುದನ್ನೇ ನಿಲ್ಲಿಸಿದೆವು. ಪಾತ್ರಕ್ಕೆ ಗೊತ್ತಿರುವ ಸಂಗತಿಗಳ ಒಂದು ಚೀಟಿ, ಮುಚ್ಚಿಡಬೇಕಾದ ಒಂದೇ ಸಂಗತಿ, ಇಷ್ಟು ಕೊಟ್ಟು, ಕಾಕಾ ಅವರನ್ನೇ ಕ್ಯಾಮೆರಾದ ಹಿಂದೆ ಕೂರಿಸಿ ಪ್ರಶ್ನೆ ಕೇಳಿಸಿದೆವು. ಮೂವತ್ತು ವರ್ಷಗಳ ಠಾಣೆಯ ಅನುಭವ ಆ ಕುರ್ಚಿಯಿಂದ ಮಾತಾಡತೊಡಗಿದ ಮೇಲೆ ನಟರು ನಟನೆ ಮರೆತರು. ಹಮಾಲನ ಪಾತ್ರಧಾರಿಯ ಗಂಟಲಿಂದ "ಕೀಲಿ ನಾ ಹಾಕಿಲ್ರಿ ಸಾಹೇಬ್ರ, ನಾ ಬರೂದ್ರಾಗ ಹಾಕಿತ್ರಿ" ಎಂಬ ಮಾತು ಹೊರಟಾಗ ಆತ ತನ್ನ ಅಂಗಿಯ ಗುಂಡಿಯನ್ನು ತಿರುವುತ್ತಿದ್ದ. ಅದನ್ನು ನಾವು ಹೇಳಿಕೊಟ್ಟಿರಲಿಲ್ಲ. ಲಾರಿ ಚಾಲಕನ ಪಾತ್ರಧಾರಿ ಒಂದು ಹಳೆಯ ಸಾಲದ ಕಾಲವನ್ನು ಹೇಳುವಾಗ "ಡ್ಯಾಮಿನ ಹತ್ತೊಂಬತ್ತನೇ ಗೇಟು ಕಿತ್ತಹೋದ ವರ್ಷ" ಎಂದುಬಿಟ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ ಆ ಒಂದು ಕೊಚ್ಚಿಹೋದದ್ದು ಇಲ್ಲಿನ ರೈತರ ಪಾಲಿಗೆ ಪಂಚಾಂಗವೇ ಆಗಿದೆ. ನಾವು ಚೀಟಿಯಲ್ಲಿ ಬರೆದಿದ್ದ ದಿನಾಂಕವನ್ನು ಅಳಿಸಿ ಇದನ್ನೇ ಉಳಿಸಿಕೊಂಡೆವು.

ಹಂತ 6: ಕತ್ತರಿಸುವುದು

ಒಟ್ಟು 52 ನಿಮಿಷಗಳ ಉಪಯುಕ್ತ ವಿಡಿಯೊ, 118 ತುಣುಕುಗಳು. ಪ್ರತಿಯೊಂದನ್ನೂ ಪ್ರಶ್ನೆಯಿಂದಲ್ಲ, ಉತ್ತರದಿಂದ ಆರಂಭಿಸಿದೆವು. ಏನು ಕೇಳಿರಬಹುದೆಂದು ಊಹಿಸುವುದೂ ಆಟದ ಭಾಗ. 720ರ ಗಾತ್ರ, ಸೆಕೆಂಡಿಗೆ ಒಂದು ಮೆಗಾಬಿಟ್ ದರದಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ಸಾಧನದಿಂದ ಕುಗ್ಗಿಸಿದರೆ ನಿಮಿಷಕ್ಕೆ ಏಳೂವರೆ ಎಂಬಿ, ಒಟ್ಟು 390 ಎಂಬಿ. ಹಳ್ಳಿಯ ಸಿಗ್ನಲ್‌ಗೆ ಇದು ಭಾರ. ಅರ್ಧ ದರಕ್ಕೆ ಇಳಿಸಿ, 480ರ ಗಾತ್ರಕ್ಕೆ ತಂದು 195 ಎಂಬಿಗೆ ನಿಲ್ಲಿಸಿದೆವು. ಹಳೆಯ ಠಾಣೆಯ ಕಂಪ್ಯೂಟರಿನ ವೇಷದಲ್ಲಿ ಮಸುಕು ದೋಷವಾಗಿ ಕಾಣುವುದಿಲ್ಲ.

ಹಂತ 7: ಹುಡುಕು ಪೆಟ್ಟಿಗೆ

ಎಲ್ಲ ತುಣುಕುಗಳ ಮಾತನ್ನೂ ಪದಕ್ಕೆ ಪದ ಬರೆದು, ಆಟಗಾರ ಟೈಪಿಸಿದ್ದು ಆ ಬರಹದಲ್ಲಿ ಎಲ್ಲಿ ಸಿಕ್ಕರೂ ಆ ತುಣುಕನ್ನು ತೋರಿಸುವುದು ಮೊದಲ ಪ್ರಯತ್ನ. ಇಂಗ್ಲಿಷ್ ಆಟಕ್ಕೆ ಇಷ್ಟು ಸಾಕಾಗುತ್ತದೆ. ನಮ್ಮಲ್ಲಿ ಮೊದಲ ಪದಕ್ಕೇ ಕೈಕೊಟ್ಟಿತು. 'ಕೀಲಿ' ಎಂದು ಟೈಪಿಸಿದರೆ ಹಮಾಲನ ತುಣುಕು ಬರಲಿಲ್ಲ, ಕಣ್ಣಿಗೆ ಎರಡೂ ಕಡೆ ಒಂದೇ ಅಕ್ಷರಗಳು ಕಾಣುತ್ತಿದ್ದರೂ.

ಕಾರಣ ಸಿಕ್ಕಿದ್ದು ಅಕ್ಷರಗಳ ಸಂಕೇತ ಸಂಖ್ಯೆಗಳನ್ನು ಒಂದೊಂದಾಗಿ ಹೊರತೆಗೆದಾಗ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಕೀ' ಬರೆಯಲು ಎರಡು ದಾರಿಗಳಿವೆ: ದೀರ್ಘದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಗುಡಿಸು ಮತ್ತು ದೀರ್ಘದ ಕೊಂಡಿ ಎಂದು ಎರಡಾಗಿ ಬರೆಯಬಹುದು. 'ಕೊ', 'ಕೋ', 'ಕೇ' ಇವುಗಳಿಗೂ ಇದೇ ಪಾಡು. ಮೇಷ್ಟ್ರು ಹಳೆಯ ಫಾಂಟಿನಲ್ಲಿ ಟೈಪಿಸಿ ಯೂನಿಕೋಡ್‌ಗೆ ಬದಲಿಸಿದ್ದ ಬರಹದಲ್ಲಿ ಒಡೆದ ರೂಪವಿತ್ತು, ಮೊಬೈಲಿನ ಕೀಲಿಮಣೆಯಿಂದ ಬಂದದ್ದು ಕೂಡಿದ ರೂಪ. ಬ್ರೌಸರಿನಲ್ಲೇ ಇರುವ ಸಮೀಕರಣದ ಒಂದು ಆಜ್ಞೆಯಿಂದ ಎರಡೂ ಕಡೆಯ ಬರಹವನ್ನು ಕೂಡಿದ ರೂಪಕ್ಕೆ ತಂದೆವು. ಅದರ ಜೊತೆಗೆ 'ರೈಸ್‌ಮಿಲ್' ಎಂಬಂತಹ ಪದಗಳ ನಡುವೆ ಕಣ್ಣಿಗೆ ಕಾಣದೆ ಕೂತಿರುವ ಶೂನ್ಯ ಅಗಲದ ಸಂಕೇತಗಳನ್ನೂ ಗುಡಿಸಿಹಾಕಿದೆವು. ಕನ್ನಡದಲ್ಲಿ ಹುಡುಕುವ ಯಾವುದನ್ನಾದರೂ ಕಟ್ಟುವವರು ಈ ಎರಡು ಕೆಲಸಗಳನ್ನು ಮೊದಲ ದಿನವೇ ಮಾಡಿಬಿಡಬೇಕು.

ಆಮೇಲೆ ಬಂದದ್ದು ಇದಕ್ಕಿಂತ ಕೆಟ್ಟದ್ದು. ಒಬ್ಬ ಆಟಗಾರ 'ಹಣ' ಎಂದು ಟೈಪಿಸಿದಾಗ ಚಹಾ ಅಂಗಡಿಯವಳು ಹೆಣದ ಹಣೆಯ ಮೇಲಿನ ಗಾಯದ ಬಗ್ಗೆ ಹೇಳುವ ತುಣುಕು ಎಲ್ಲಕ್ಕಿಂತ ಮೊದಲು ಬಂದಿತು. ಕಂಪ್ಯೂಟರಿನ ದೃಷ್ಟಿಯಲ್ಲಿ 'ಹಣೆ' ಎಂದರೆ 'ಹಣ' ಮತ್ತು ಒಂದು ಸ್ವರಚಿಹ್ನೆ; ಆದ್ದರಿಂದ 'ಹಣೆ'ಯೊಳಗೆ 'ಹಣ' ಸಿಗುತ್ತದೆ. ಹೀಗೆಯೇ 'ಮರ' ಹುಡುಕಿದರೆ 'ಮರೆತೆ' ಬರುತ್ತದೆ. ಆಟ ಆರಂಭವಾಗಿ ಎರಡು ನಿಮಿಷಕ್ಕೆ ಮುಳುಗಿ ಸತ್ತನೆಂಬ ಕಥೆ ಒಡೆದುಹೋಗುತ್ತಿತ್ತು. ಹೊಂದಿದ ಭಾಗದ ಮುಂದಿನ ಸಂಕೇತ ಸ್ವರಚಿಹ್ನೆಯಾಗಿದ್ದರೆ ಬಿಟ್ಟುಬಿಡು ಎಂಬ ನಿಯಮ ಹಾಕಿದೆವು. 'ಹಣಕ್ಕೆ', 'ಹಣದ', 'ಹಣವನ್ನು' ಉಳಿದವು, 'ಹಣೆ' ತೊಲಗಿತು.

ಆ ನಿಯಮದ ಸಂತೋಷವೂ ಹೆಚ್ಚು ಹೊತ್ತು ಉಳಿಯಲಿಲ್ಲ. 'ಫೋನ್' ಎಂದು ಟೈಪಿಸಿದರೆ 'ಫೋನಿನಲ್ಲಿ', 'ಫೋನು', 'ಫೋನಿಗೆ' ಯಾವುದೂ ಸಿಗದು; ಏಕೆಂದರೆ ವಿಭಕ್ತಿ ಸೇರುವಾಗ ಕೊನೆಯ ಅರ್ಧಾಕ್ಷರವೇ ಬದಲಾಗುತ್ತದೆ. 'ಮಿಲ್' ಎಂದರೆ 'ಮಿಲ್ಲಿನ' ಹೊಂದುತ್ತದೆ, 'ಮಿಲಿನ' ಎಂದು ಬರೆದಿದ್ದರೆ ಹೊಂದುವುದಿಲ್ಲ. ಇದಕ್ಕೆ ವಿಭಕ್ತಿ ಪ್ರತ್ಯಯಗಳನ್ನು ಕತ್ತರಿಸುವ ಪಟ್ಟಿಯನ್ನು ಅಣ್ಣನ ಮಗ ಬರೆದ: 'ಅನ್ನು', 'ಇಂದ', 'ಗೆ', 'ಕ್ಕೆ', 'ಅಲ್ಲಿ', ಜೊತೆಗೆ ನಮ್ಮ ಕಡೆಯ 'ಗಿ', 'ದಾಗ', 'ನ್ಯಾಗ'. ಆ ಕತ್ತರಿ ಸಿಕ್ಕಸಿಕ್ಕದ್ದನ್ನೆಲ್ಲ ಕತ್ತರಿಸಿತು. 'ಗಲ್ಲಿ' ಎಂಬ ಪದದಿಂದ 'ಅಲ್ಲಿ' ತೆಗೆದು 'ಗ್' ಎಂಬ ಅರ್ಧಾಕ್ಷರವನ್ನು ಕೊಟ್ಟಿತು. 'ಹಗೆ'ಯಿಂದ 'ಗೆ' ತೆಗೆದು 'ಹ' ಎಂದಿತು. ಪತ್ತೇದಾರಿ ಆಟದಲ್ಲಿ ಹಗೆ ಎಂದು ಹುಡುಕಿದವನಿಗೆ ಏನೂ ಸಿಗದಿದ್ದರೆ ಆಮೇಲೆ ಆಟವನ್ನು ಆಡುವವರು ಯಾರು?

ಕೊನೆಗೆ ನಿಂತ ವ್ಯವಸ್ಥೆಯಲ್ಲಿ ಹೇಳಿಕೆಯ ಬರಹದೊಳಗೆ ಹುಡುಕುವುದೇ ಇಲ್ಲ. ಪ್ರತಿ ತುಣುಕಿಗೆ ಮೇಷ್ಟ್ರು ಕೂತು ಕೈಯಿಂದ ಸುಳಿವಿನ ಪದಗಳನ್ನು ಬರೆದಿದ್ದಾರೆ. ಆಟಗಾರನ ಪದ ಮೊದಲು ಇಡಿಯಾಗಿ ಪಟ್ಟಿಯಲ್ಲಿದೆಯೇ ಎಂದು ನೋಡಲಾಗುತ್ತದೆ. ಇಲ್ಲದಿದ್ದರೆ ಮಾತ್ರ ಉದ್ದನೆಯ ಪ್ರತ್ಯಯದಿಂದ ಆರಂಭಿಸಿ ಕತ್ತರಿಸಲಾಗುತ್ತದೆ. ಕತ್ತರಿಸಿದ ಮೇಲೆ ಎರಡು ಅಕ್ಷರಕ್ಕಿಂತ ಕಡಿಮೆ ಉಳಿದರೆ ಕತ್ತರಿಸಿದ್ದನ್ನು ರದ್ದು ಮಾಡಲಾಗುತ್ತದೆ. ಉಳಿದ ಮೂಲಪದ ಒಂದು ಗುಂಪಿಗೆ ಸೇರಿರುತ್ತದೆ. 'ಕೀಲಿ' ಮತ್ತು 'ಬೀಗ' ಒಂದು ಗುಂಪು. 'ರೊಕ್ಕ', 'ಹಣ', 'ದುಡ್ಡು' ಒಂದು ಗುಂಪು. 'ಗಿರಣಿ', 'ಮಿಲ್', 'ರೈಸ್‌ಮಿಲ್' ಒಂದು. 'ಲಾರಿ' ಮತ್ತು 'ಗಾಡಿ' ಒಂದು. ಆದರೆ ಹಮಾಲ 'ಗಾಡಿ' ಎಂದಾಗ ಮೋಟರ್‌ಸೈಕಲ್ಲಿನ ಮಾತು ಆಡಿದ್ದರಿಂದ ಆ ತುಣುಕನ್ನು ಬೇರೆ ಗುರುತಿಸಬೇಕಾಯಿತು. 'ಗೇಟು' ಎಂದರೆ ಗಿರಣಿಯ ಗೇಟೂ ಬರುತ್ತದೆ, ಡ್ಯಾಮಿನ ಗೇಟೂ ಬರುತ್ತದೆ. ಅದನ್ನು ಬೇಕೆಂದೇ ಬೇರ್ಪಡಿಸಲಿಲ್ಲ. ಗಿರಣಿಯ ಕಾವಲಿನ ಬಗ್ಗೆ ತಿಳಿಯಲು ಹೊರಟವನಿಗೆ ಲಾರಿ ಚಾಲಕನ ಸಾಲದ ಕಾಲ ಅಕಸ್ಮಾತ್ತಾಗಿ ಸಿಗುವುದು ಈ ಬಗೆಯ ಆಟದ ರುಚಿ.

ಮೇಷ್ಟ್ರ ಕೈಕೆಲಸ ಯಂತ್ರದ ಜಾಣತನಕ್ಕಿಂತ ಹಿಂದುಳಿದ ದಾರಿಯೆಂದು ಅಣ್ಣನ ಮಗನಿಗೆ ಈಗಲೂ ಬೇಸರವಿದೆ. ನನಗಿಲ್ಲ. 118 ತುಣುಕುಗಳಿಗೆ ಸುಳಿವಿನ ಪದ ಬರೆಯುವಾಗಲೇ, ಯಾವ ಪದ ಆಟಗಾರನ ಕೈಗೆ ಯಾವಾಗ ಸಿಗಬೇಕೆಂಬುದನ್ನು ನಾವು ನಿಜವಾಗಿ ಯೋಚಿಸಿದ್ದು. ಹತ್ತಕ್ಕಿಂತ ಹೆಚ್ಚು ತುಣುಕುಗಳಿಗೆ ಹೊಂದುವ ಪದಗಳನ್ನು ಗುರುತಿಸಿ, ಐದರ ಕಟ್ಟಳೆಯಿಂದ ಹೊರಗುಳಿಯುವ ತುಣುಕುಗಳಿಗೆ ಇನ್ನೊಂದು ದಾರಿಯಾದರೂ ಇದೆಯೇ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿದೆವು. ದಾರಿಯೇ ಇಲ್ಲದ ಏಳು ತುಣುಕುಗಳು ಸಿಕ್ಕವು. ಅದರಲ್ಲಿ ಒಂದು ಲೆಕ್ಕದ ಪುಸ್ತಕದ ಜಾಗವನ್ನು ಹೇಳುವ ತುಣುಕು!

ಹಂತ 8: ದೋಷಾರೋಪ ಪಟ್ಟಿ

'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' (2022) ಆಟದಂತೆ, ವಾಕ್ಯದ ಬಿಟ್ಟ ಸ್ಥಳಗಳನ್ನು ಪದಗಳಿಂದ ತುಂಬಿಸುವ ಕೊನೆಯನ್ನು ಯೋಚಿಸಿದ್ದೆವು. ಕನ್ನಡದ ವಾಕ್ಯದಲ್ಲಿ ಖಾಲಿ ಜಾಗದ ಮುಂದಿರುವ ಪ್ರತ್ಯಯವೇ ಉತ್ತರವನ್ನು ಬಿಟ್ಟುಕೊಡುತ್ತದೆ. 'ಇಂದ' ಇದ್ದರೆ ಆಯುಧ, 'ಅಲ್ಲಿ' ಇದ್ದರೆ ಸ್ಥಳ, 'ಅವಳು' ಇದ್ದರೆ ಆರು ಮಂದಿಯಲ್ಲಿ ಒಬ್ಬಳೇ ಹೆಂಗಸು. ಕಾಕಾ ಅವರ ಹಳೆಯ ನಮೂನೆಯ ಕಾಗದವೇ ಇದಕ್ಕೆ ಉತ್ತರವಾಯಿತು. ಆರೋಪಿ, ಸ್ಥಳ, ವಸ್ತು, ಕಾರಣ ಎಂಬ ಕಾಲಂಗಳು, ಒಂದೊಂದರ ಮುಂದೆ ಖಾಲಿ ಗೆರೆ, ವಾಕ್ಯವೇ ಇಲ್ಲ. ಮೂರು ಕಾಲಂಗಳು ಒಟ್ಟಿಗೆ ಸರಿಯಾಗುವವರೆಗೆ ಯಾವುದು ಸರಿ ಎಂದು ಆಟ ಹೇಳುವುದಿಲ್ಲ. ನೋಡಲಿಕ್ಕೂ ಠಾಣೆಯ ಕಾಗದದಂತೆಯೇ ಇದೆ.

ಹಂತ 9: ಆಡಿಸಿ ನೋಡುವುದು, ಈಗ ನಿಂತಿರುವ ಜಾಗ

ಮೊದಲ ಸಲ ಇಡೀ ಕಡತವನ್ನು ಮೊಬೈಲ್‌ಗಳಿಗೆ ಕಳಿಸಿಕೊಟ್ಟೆವು. ಆಂಡ್ರಾಯ್ಡ್‌ನಲ್ಲಿ ಕಡತಗಳ ಪಟ್ಟಿಯಿಂದ ಪುಟವನ್ನು ತೆರೆದರೆ ಪಕ್ಕದ ವಿಡಿಯೊಗಳನ್ನು ಬ್ರೌಸರ್ ಎತ್ತಿಕೊಳ್ಳುವುದಿಲ್ಲ. ಎಲ್ಲರಿಗೂ ಕಪ್ಪು ಚೌಕ ಮಾತ್ರ ಕಂಡಿತು. ಆಮೇಲೆ ಅಂತರಜಾಲದಲ್ಲೇ ಇಟ್ಟು ಕೊಂಡಿ ಕಳಿಸಿದೆವು. ಐಫೋನ್ ಇದ್ದವರಿಗೆ ಧ್ವನಿಯಿರುವ ವಿಡಿಯೊ ತಾನಾಗಿ ಶುರುವಾಗದು, ಬೆರಳಿನಿಂದ ಮುಟ್ಟಲೇಬೇಕು; ಅದಕ್ಕೊಂದು ಗುಂಡಿ ಇಟ್ಟೆವು.

ಸಿಗದೆ ಹೋದ ಪದಗಳೆಲ್ಲ ಆಟಗಾರನ ಮೊಬೈಲಿನಲ್ಲೇ ಒಂದು ಪಟ್ಟಿಯಾಗಿ ಉಳಿಯುವಂತೆ ಮಾಡಿ, ಆಟ ಮುಗಿದ ಮೇಲೆ ಅದನ್ನು ನಮಗೆ ಕಳಿಸಲು ಕೇಳಿಕೊಂಡೆವು. ಪಟ್ಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡ ಪದಗಳಿದ್ದವು. ಕನ್ನಡ ಕೀಲಿಮಣೆ ಇದ್ದರೂ ಹುಡುಗರು ಅದನ್ನು ತೆಗೆಯುವುದಿಲ್ಲ. ಒಂದೇ 'ಕೀಲಿ'ಗೆ ನಾಲ್ಕು ತರಹದ ಕಾಗುಣಿತ ಸಿಕ್ಕಿತು. ಪ್ರತಿ ಮೂಲಪದಕ್ಕೂ ಆ ರೂಪಗಳನ್ನು ಕೈಯಿಂದಲೇ ಸೇರಿಸುತ್ತಿದ್ದೇವೆ. ಸ್ವರಗಳ ಹ್ರಸ್ವ-ದೀರ್ಘವನ್ನು ಒಂದೇ ಎಂದು ಹಿಡಿದು ಹೋಲಿಸುವ ನಿಯಮದಿಂದ ಈ ಕೆಲಸ ಬಹುಮಟ್ಟಿಗೆ ಹಗುರಾಗಿದೆ.

ಆದರೆ ಎಲ್ಲ ಪಟ್ಟಿಗಳಲ್ಲೂ ಮತ್ತೆ ಮತ್ತೆ ಬಂದ, ಯಾವ ಲಿಪಿಯಲ್ಲಿ ಬರೆದರೂ ಉತ್ತರವಿಲ್ಲದ ಪದವೆಂದರೆ 'ಹೆಂಡತಿ'. ಸತ್ತವನ ಹೆಂಡತಿಯನ್ನು ಎಲ್ಲರೂ ಕೇಳುತ್ತಾರೆ. ನಮ್ಮ ಆರು ಹೇಳಿಕೆಗಳಲ್ಲಿ ಆಕೆಯ ಸುದ್ದಿಯೇ ಇಲ್ಲ. ಠಾಣೆಯಲ್ಲಿ ಮೊದಲು ಕರೆಸುವುದೇ ಮನೆಯವರನ್ನು ಎಂದು ಕಾಕಾ ಅವರೂ ಹೇಳಿದರು. ಏಳನೆಯ ಹೇಳಿಕೆಯ ಚೀಟಿಯನ್ನು ಮೇಷ್ಟ್ರು ಬರೆದಿದ್ದಾರೆ: ಆಕೆಗೆ ಗೊತ್ತಿರುವ ಸಂಗತಿಗಳು ಒಂಬತ್ತು, ಮುಚ್ಚಿಡಬೇಕಾದದ್ದು ಒಂದು. ಪಾತ್ರಕ್ಕೆ ಸಿಂಧನೂರಿನ ಒಬ್ಬ ಕಲಾವಿದೆ ಒಪ್ಪಿದ್ದಾರೆ. ಗೋದಾಮಿನ ಕೋಣೆಯಲ್ಲಿ ಈಗ ಸುಗ್ಗಿಯ ಚೀಲಗಳು ತುಂಬಿವೆ. ಅವು ಖಾಲಿಯಾದ ಮೇಲೆ ಕೌದಿಗಳನ್ನು ಮತ್ತೆ ಕಟ್ಟಿ, 25 ಫ್ರೇಮ್, 1/50 ಶಟರ್‌ನಲ್ಲಿ ಆಕೆಯ ಹೇಳಿಕೆಯನ್ನು ತೆಗೆಯಬೇಕು.